ರಾಜೀವನಗರದ ಕಳವು ಠಾಣೆಯ ಪುಸ್ತಕಕ್ಕೆ ಏರುವ ಬಗೆ

ಮೈಸೂರಿನ ರಾಜೀವನಗರದ ಅಲ್-ಬದರ್ ಸರ್ಕಲ್ ಆಸುಪಾಸಿನಲ್ಲಿ ಚಹಾಕ್ಕೆ ನಿಂತವರ ಬಾಯಲ್ಲಿ ಸೈಟಿನ ರೇಟಿನ ಮಾತು ಮುಗಿಯುವ ಮೊದಲೇ ಕಳ್ಳತನದ ಮಾತು ಶುರುವಾಗುತ್ತದೆ. ರಿಂಗ್ ರಸ್ತೆಯ ದೆಸೆಯಿಂದ ಊರಂಚಿನ ಬಡಾವಣೆ ಊರೊಳಗೆ ಬಂತು, ಮನೆಯ ಮೇಲೆ ಮನೆ ಎದ್ದಿತು, ಬಾಡಿಗೆಗೆ ಗುರುತಿಲ್ಲದವರು ಬಂದರು. 2025ರ ಜುಲೈನಲ್ಲಿ ಮುಂಬಯಿ ಪೊಲೀಸರು ಮೈಸೂರಿಗೆ ಬಂದು, ರಿಂಗ್ ರಸ್ತೆ ಬದಿಯ ಕಟ್ಟಡವೊಂದರ ಮೇಲೆ ದಾಳಿ ಮಾಡಿ ಮಾದಕವಸ್ತು ಘಟಕ ಪತ್ತೆಯಾಗಿದೆ ಎಂದ ಮೇಲಂತೂ ರಾತ್ರಿ ನಿಂತ ಬೈಕೆಲ್ಲ ಅನುಮಾನದ ಬೈಕೇ. ಹೆದರಿಕೆ ಹೆಚ್ಚಿದ್ದು ನಿಜ. ಅಪರಾಧ ಎಷ್ಟು ಹೆಚ್ಚಿತು ಎಂದು ಹೇಳಬೇಕಾದದ್ದು ಈ ಭಾಗದ ಉದಯಗಿರಿ ಠಾಣೆಯ ಪುಸ್ತಕ. ಯಾವ ಬೀದಿಗೆ ಎಷ್ಟು ಗಸ್ತು ಎಂದು ಅಧಿಕಾರಿಗಳು ಲೆಕ್ಕ ಹಾಕುವುದೂ ಮುಖ್ಯವಾಗಿ ದಾಖಲಾದದ್ದನ್ನು ನೋಡಿಯೇ. ಆದರೆ ಒಂದು ಕಳವು ಆ ಪುಸ್ತಕ ತಲುಪುವ ದಾರಿಯಲ್ಲಿ ತೂತುಗಳಿವೆ.

ಸಂಜೆ ಏಳೂವರೆಗೆ ಬೈಕಿನವರು ನಿಮ್ಮ ಕೈಲಿದ್ದ ಮೊಬೈಲ್ ಕಿತ್ತುಕೊಂಡು ಹೋದರು ಎಂದಿಟ್ಟುಕೊಳ್ಳಿ. ಪಕ್ಕದವರ ಫೋನಿನಿಂದ ಮೊದಲು 112ಕ್ಕೆ ಕರೆ. ಗಸ್ತಿನ ಗಾಡಿ ಬರುತ್ತದೆ, ಕರೆಯ ಸಮಯ ದಾಖಲಾಗುತ್ತದೆ. ತುಂಬ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಇಷ್ಟಕ್ಕೇ ಎಫ್‌ಐಆರ್ ಆದಂತಲ್ಲ. ಠಾಣೆಗೆ ಹೋಗಬೇಕು. ಬರೆದೇ ಕೊಡಬೇಕೆಂದೇನಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ನೀವು ಬಾಯಲ್ಲಿ ಹೇಳಿದ್ದನ್ನು ಠಾಣೆಯವರೇ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳಬೇಕು. ಮನೆಮಾತು ಉರ್ದುವಾಗಿ ಕನ್ನಡ ಬರೆಯಲು ತಡವರಿಸುವವರು ಇಲ್ಲಿದ್ದಾರೆ. ಅರ್ಜಿ ಬರೆದುಕೊಡುವವರನ್ನು ಹುಡುಕುತ್ತ ಅವರು ಎರಡು ದಿನ ಕಳೆಯಬೇಕಾಗಿಲ್ಲ. ‘ಅದು ನಮ್ಮ ಸರಹದ್ದಲ್ಲ’ ಎಂದು ವಾಪಸ್ ಕಳಿಸುವಂತೆಯೂ ಇಲ್ಲ. ಎಫ್‌ಐಆರ್ ಪ್ರತಿ ಪುಕ್ಕಟೆ, ಕೇಳಿ ಇಸಿದುಕೊಳ್ಳಿ.

ಮೊದಲ ತೂತು ‘ಇ-ಲಾಸ್ಟ್’. ಕರ್ನಾಟಕ ಪೊಲೀಸರ ಈ ಸೌಲಭ್ಯ ವಸ್ತು ಕಳೆದುಹೋದವರಿಗಾಗಿ ಇರುವುದು. ಮನೆಯಲ್ಲೇ ಕೂತು ಐದು ನಿಮಿಷದಲ್ಲಿ ಸ್ವೀಕೃತಿ ಸಿಗುತ್ತದೆ, ಹೊಸ ಸಿಮ್‌ಗೆ ಅಷ್ಟು ಸಾಕು. ಆದರೆ ಕಿತ್ತುಕೊಂಡು ಹೋದ ಫೋನನ್ನು ಅಲ್ಲಿ ‘ಕಳೆದಿದೆ’ ಎಂದು ಹಾಕಿದ ಕ್ಷಣದಲ್ಲೇ ಅಪರಾಧ ಮಾಯ. ಕಳ್ಳನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಎರಡನೆಯದು 5,000 ರೂಪಾಯಿ. 2024ರ ಜುಲೈ 1ರಿಂದ ಜಾರಿಗೆ ಬಂದ ಕಾನೂನಿನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಸಾದಾ ಕಳ್ಳತನ ಅಸಂಜ್ಞೇಯ (ಎನ್‌ಸಿ) ಅಪರಾಧ. ಬಾಗಿಲ ಹೊರಗಿನ ನಲ್ಲಿ, ಕಟ್ಟುತ್ತಿರುವ ಮನೆಯ ಕಬ್ಬಿಣದ ತುಂಡು, ಹೀಗೆ ಬೀದಿಯ ನೆಮ್ಮದಿ ಕೆಡಿಸುವ ಚಿಲ್ಲರೆ ಕಳವುಗಳು ಬಹುತೇಕ ಈ ಗೆರೆಯ ಕೆಳಗೇ. ಠಾಣೆಯವರು ಎನ್‌ಸಿ ಎಂದು ಬರೆದುಕೊಳ್ಳುತ್ತಾರೆ. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ತನಿಖೆಯಿಲ್ಲ. ಆದರೆ ಮನೆಯೊಳಗಿನ ಕಳ್ಳತನಕ್ಕೆ (ಭಾರತೀಯ ನ್ಯಾಯ ಸಂಹಿತೆಯ ಕಲಂ 305) ಮತ್ತು ಕಸಿದುಕೊಳ್ಳುವುದಕ್ಕೆ (ಕಲಂ 304) ಈ ಗೆರೆ ಇಲ್ಲ. ಆದ್ದರಿಂದ ‘ಫೋನ್ ತಗೊಂಡು ಹೋದರು’ ಎನ್ನುವುದಕ್ಕೂ ‘ಕೈಯಿಂದ ಕಿತ್ತುಕೊಂಡರು’ ಎನ್ನುವುದಕ್ಕೂ ದೂರಿನಲ್ಲಿ ಬಹಳ ಅಂತರ.

ಮೂರನೆಯದು ಹಿಂಬರಹ. ‘ಅರ್ಜಿ ಸ್ವೀಕರಿಸಿದೆ’ ಎಂಬ ಮೊಹರಿನ ಕಾಗದ ಕೈಗೆ ಬಂದರೆ ಎಫ್‌ಐಆರ್ ಆಯಿತೆಂದು ಖುಷಿಪಡಬೇಡಿ. ಅಪರಾಧ ಸಂಖ್ಯೆ ಇದೆಯೇ ನೋಡಿ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮೇಲಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಠಾಣೆಗೆ ಅವಕಾಶವಿದೆ, ಅದು ಅವರ ಹಕ್ಕು. ಅನುಮತಿ ಪಡೆದಿದ್ದೀರಾ ಎಂದು ಕೇಳುವುದು ನಿಮ್ಮದು. ದೂರು ಬರೆದುಕೊಳ್ಳಲೇ ಒಪ್ಪದಿದ್ದರೆ ಅದನ್ನು ಅಂಚೆಯಲ್ಲಿ ಡಿಸಿಪಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯ.

ಎಫ್‌ಐಆರ್ ಆಯಿತು, ಮಹಜರಾಯಿತು. ಈಗ ಓಟ ಸಿಸಿಟಿವಿಯ ಜೊತೆ. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಜನ ಹೆಚ್ಚು ಸೇರುವ ಮಳಿಗೆ, ಛತ್ರ, ಆಸ್ಪತ್ರೆಗಳಿಗೆ ಕ್ಯಾಮೆರಾ ಕಡ್ಡಾಯ ಮಾಡಿ, 30 ದಿನದ ದೃಶ್ಯ ಇಟ್ಟುಕೊಳ್ಳಿ ಎನ್ನುತ್ತದೆ. ಮೂಲೆಯ ಬೇಕರಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿನ ಕ್ಯಾಮೆರಾದ ಪೆಟ್ಟಿಗೆ ಹಳೆಯ ದೃಶ್ಯ ಅಳಿಸಿ ಹೊಸದು ತುಂಬಿಕೊಳ್ಳುತ್ತಲೇ ಇರುತ್ತದೆ. ಪೊಲೀಸರು ಬರುವತನಕ ಕಾಯದೆ ಅದೇ ಸಂಜೆ ಅಂಗಡಿಯವರನ್ನು ಕಂಡು, ಅಳಿಸದಂತೆ ಇಡಲು ಹೇಳಿ. ದೂರಿನ ಪ್ರತಿ ಮತ್ತು ಐಎಂಇಐ ಸಂಖ್ಯೆಯಿಂದ ಸಿಇಐಆರ್ ಪೋರ್ಟಲ್‌ನಲ್ಲಿ ಫೋನ್ ಬಂದ್ ಮಾಡಿಸಬಹುದು. ಮತ್ತೆ ಯಾರಾದರೂ ಅದಕ್ಕೆ ಸಿಮ್ ಹಾಕಿದರೆ ಸುಳಿವು ಸಿಗುತ್ತದೆ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ನಿಮಗೆ ತಿಳಿಸಬೇಕು. ಕಳ್ಳ ಸಿಗದಿದ್ದರೆ ‘ಸಿ ರಿಪೋರ್ಟ್’ ಹೋಗುತ್ತದೆ. ಬೇಸರದ ಮಾತೇ, ಆದರೂ ಕಳವು ಪುಸ್ತಕದಲ್ಲಿ ಉಳಿಯುತ್ತದೆ.

ಈ ಠಾಣೆಯ ಮೆಟ್ಟಿಲು ಹತ್ತಲು ಕೆಲವರು ಹಿಂಜರಿಯುವುದೇಕೆ ಎಂಬುದನ್ನೂ ಹೇಳಬೇಕು. 2025ರ ಫೆಬ್ರವರಿ 10ರ ರಾತ್ರಿ, ಜಾಲತಾಣದ ಅವಹೇಳನಕಾರಿ ಪೋಸ್ಟ್ ನೆಪದಲ್ಲಿ ಸೇರಿದ ಗುಂಪು ಉದಯಗಿರಿ ಠಾಣೆಯ ಮೇಲೆ ಕಲ್ಲು ತೂರಿತು, ಪೊಲೀಸರು ಗಾಯಗೊಂಡರು. ಇಂಥದ್ದಾದ ಮೇಲೆ ಎರಡೂ ಕಡೆ ಅನುಮಾನ ಉಳಿಯುತ್ತದೆ. ನಷ್ಟವಾಗುವುದು ಮೊಬೈಲ್ ಕಳಕೊಂಡವರಿಗೆ. ಅದೇ ವರ್ಷ ಜುಲೈನಲ್ಲಿ ಸರ್ಕಾರ ಶುರುಮಾಡಿದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮದಲ್ಲಿ ಬೀಟ್ ಪೊಲೀಸರು ತಮಗೆ ಹಂಚಿದ ಮನೆಗಳಿಗೆ ತಾವೇ ಬಂದು ದೂರು ಕೇಳಬೇಕು. ಬಂದಾಗ ಅವರ ಮೊಬೈಲ್ ನಂಬರ್ ಮೀಟರ್ ಬೋರ್ಡಿನ ಮೇಲೆ ಬರೆದಿಡಿ; ಊರಿಗೆ ಹೊರಟು ಮನೆಗೆ ಬೀಗ ಹಾಕುವಾಗ ಒಂದು ಮಾತು ತಿಳಿಸಿ. ‘ಬಾಡಿಗೆಗೆ ಬಂದ ಹೊಸಬರನ್ನು ನೋಡಿಕೊಳ್ಳಿ ಸಾರ್’ ಎಂಬ ದೂರು ಮಾತ್ರ ಬೇಡ. ಅದರಿಂದ ಪೊಲೀಸರಿಗೆ ಹುಡುಕಲು ಏನೂ ಸಿಗುವುದಿಲ್ಲ, ಹೊಸಬರು ನಾಳೆ ತಾವೇ ಕಳವಿಗೆ ಒಳಗಾದರೂ ಬಾಯಿ ಬಿಡುವುದಿಲ್ಲ. ಯಾವ ತಿರುವು, ಎಷ್ಟು ಹೊತ್ತಿಗೆ, ಎಂಥ ಬೈಕ್ ಎಂದು ಹೇಳಿ.

ಕತ್ತಲೆ ತಿರುವಿನ ದೂರು ಹೋಗಬೇಕಾದದ್ದು ಪೊಲೀಸರಿಗಲ್ಲ, ಪಾಲಿಕೆಗೆ. ಕೊಡುವಾಗ ಕಂಬದ ಮೇಲೆ ನಂಬರಿದ್ದರೆ ಬರೆದುಕೊಡಿ. ರಿಪೇರಿಯವರು ಬರುವುದು ಹಗಲಲ್ಲಿ. ಆಗ ಯಾವ ದೀಪ ಕೆಟ್ಟಿದೆ ಎಂದು ಕಣ್ಣಿಗೆ ಕಾಣುವುದಿಲ್ಲ.