ಮದ್ಯಸಾರದಿಂದ ಓಡುವ ಕ್ರೀಡಾ ಕಾರು

ಒಂದು ಕಿಲೋಗ್ರಾಂ ಪೆಟ್ರೋಲನ್ನು ಪೂರ್ತಿಯಾಗಿ ಉರಿಸಿದರೆ ಸುಮಾರು 43 ಮೆಗಾಜೂಲ್ ಉಷ್ಣ ದೊರೆಯುತ್ತದೆ. ಅಷ್ಟೇ ತೂಕದ ಮದ್ಯಸಾರವನ್ನು, ಎಂದರೆ ಎಥೆನಾಲನ್ನು, ಉರಿಸಿದರೆ ದೊರೆಯುವುದು ಸುಮಾರು 27 ಮೆಗಾಜೂಲ್ ಮಾತ್ರ. ಈ ಎರಡು ಅಂಕಿಗಳನ್ನು ಕಂಡ ಯಾವ ವಿದ್ಯಾರ್ಥಿಯಾದರೂ ವೇಗದ ಕಾರಿಗೆ ಪೆಟ್ರೋಲೇ ಮೇಲೆಂದು ಹೇಳಿಯಾನು. ಆದರೆ 2007ರಲ್ಲಿ ಸ್ವೀಡನ್ ದೇಶದ ಕ್ರೀಡಾ ಕಾರೊಂದು ಇದಕ್ಕೆ ತೀರ ವಿರುದ್ಧವಾದ ಫಲವನ್ನು ತೋರಿಸಿತು.

ಆ ಕಾರಿನ ಹೆಸರು ಕೊನಿಗ್ಸೆಗ್ ಸಿಸಿಎಕ್ಸ್‌ಆರ್. ದಕ್ಷಿಣ ಸ್ವೀಡನ್ನಿನ ಎಂಗೆಲ್‌ಹೋಲ್ಮ್ ಊರಿನ ಬಳಿ, ಹಿಂದೆ ವಾಯುಪಡೆಯ ನೆಲೆಯಾಗಿದ್ದ ಸ್ಥಳದಲ್ಲಿ, ಕ್ರಿಸ್ಟಿಯನ್ ಫಾನ್ ಕೊನಿಗ್ಸೆಗ್ ಅವರ ಸಂಸ್ಥೆ ಅದನ್ನು ನಿರ್ಮಿಸಿತು. ಅದೇ ಸಂಸ್ಥೆಯ ಸಿಸಿಎಕ್ಸ್ ಎಂಬ ಕಾರಿನ ಎಂಟು ಸಿಲಿಂಡರುಗಳ ಪೆಟ್ರೋಲ್ ಎಂಜಿನ್ನನ್ನೇ ಇದಕ್ಕಾಗಿ ಮಾರ್ಪಡಿಸಲಾಗಿತ್ತು. ಪೆಟ್ರೋಲಿನಿಂದ ಓಡುವಾಗ ಅದರ ಸಾಮರ್ಥ್ಯ 806 ಅಶ್ವಶಕ್ತಿ. ಇ-85 ಎಂಬ ಇಂಧನದಿಂದ ಓಡುವಾಗ 1,018 ಅಶ್ವಶಕ್ತಿ. ಇ-85 ಎಂದರೆ ಗಾತ್ರದಲ್ಲಿ 85 ಪಾಲು ಎಥೆನಾಲನ್ನೂ 15 ಪಾಲು ಪೆಟ್ರೋಲನ್ನೂ ಬೆರೆಸಿದ ಮಿಶ್ರಣ. ಕಡಮೆ ಉಷ್ಣವುಳ್ಳ ಇಂಧನದಿಂದ ಕಾಲುಪಾಲಿಗೂ ಮಿಗಿಲಾದ ಹೆಚ್ಚಿನ ಸಾಮರ್ಥ್ಯ! ಶಕ್ತಿನಿತ್ಯತೆಯ ನಿಯಮಕ್ಕೆ ಇಲ್ಲಿ ಭಂಗವೇನಾದರೂ ಬಂದಿತೆ? ಬರಲಿಲ್ಲ. ಅದು ಹೇಗೆಂಬುದನ್ನು ನಾವು ಹಂತಹಂತವಾಗಿ ನೋಡೋಣ.

ಎಂಜಿನ್ನು ಸೇವಿಸುವುದು ಇಂಧನವನ್ನು ಮಾತ್ರವಲ್ಲ, ಗಾಳಿಯನ್ನೂ ಸೇವಿಸುತ್ತದೆ. ಒಂದು ಕಿಲೋಗ್ರಾಂ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಎಥೆನಾಲಿಗೆ ಸುಮಾರು 9 ಕಿಲೋಗ್ರಾಂ ಸಾಕು. ಎಥೆನಾಲಿನ ಅಣುವಿನಲ್ಲಿ ಇಂಗಾಲದ 2, ಜಲಜನಕದ 6 ಮತ್ತು ಆಮ್ಲಜನಕದ 1 ಪರಮಾಣು ಇರುತ್ತವೆ. ತೂಕದಲ್ಲಿ ಅದರ ಮೂರನೆಯ ಒಂದು ಪಾಲಿಗೂ ಮಿಗಿಲಾಗಿ ಆಮ್ಲಜನಕವೇ. ಆಮ್ಲಜನಕವು ತಾನಾಗಿ ಉರಿಯುವ ವಸ್ತುವಲ್ಲವಾದ್ದರಿಂದ ಎಥೆನಾಲಿನಲ್ಲಿ ಉಷ್ಣ ಕಡಮೆ. ಆಮ್ಲಜನಕ ತನ್ನಲ್ಲಿಯೇ ಇರುವುದರಿಂದ ಅದಕ್ಕೆ ಬೇಕಾದ ಗಾಳಿಯೂ ಕಡಮೆ.

ಈಗ ಸಿಲಿಂಡರಿನ ಕಡೆಗೆ ತಿರುಗೋಣ. ಪಿಸ್ಟನ್ನು ಒಮ್ಮೆ ಕೆಳಗಿಳಿದಾಗ ಒಳಗೆ ಹಿಡಿಸುವ ಗಾಳಿಗೆ ಒಂದು ಮಿತಿಯುಂಟು. ಇಂಧನಕ್ಕೆ ಅಂತಹ ಮಿತಿಯಿಲ್ಲ. ಸಿಂಪಡಿಸುವ ಕೊಳವೆಯ ಬಾಯನ್ನು ದೊಡ್ಡದು ಮಾಡಿದರೆ ಬೇಕಾದಷ್ಟು ಕೊಡಬಹುದು. ಆದುದರಿಂದ ಒಂದು ಕಿಲೋಗ್ರಾಂ ಗಾಳಿಯೊಡನೆ ಉರಿದಾಗ ಯಾವ ಇಂಧನ ಎಷ್ಟು ಉಷ್ಣ ಕೊಡುತ್ತದೆ ಎಂದು ಕೇಳುವುದೇ ಸರಿಯಾದ ಪ್ರಶ್ನೆ. 43ನ್ನು 14.7ರಿಂದಲೂ, 27ನ್ನು 9ರಿಂದಲೂ ಭಾಗಿಸಿದರೆ ಎರಡೂ ಕಡೆ ಹೆಚ್ಚುಕಡಮೆ 3 ಮೆಗಾಜೂಲ್ ಬರುತ್ತದೆ. ಹೀಗೆ ಲೆಕ್ಕಹಾಕಿದಾಗ ಎಥೆನಾಲಿನ ಕೊರತೆ ಮಾಯವಾಗುತ್ತದೆ.

ಆದರೆ ಕೊರತೆ ಮಾಯವಾದರೆ ಎರಡೂ ಸಮವಾಗಬೇಕಷ್ಟೆ. ಎಥೆನಾಲು ಮುಂದಾಗುವುದು ಹೇಗೆ? ಇದಕ್ಕೆ ಕಾರಣಗಳು ಎರಡು. ಮೊದಲನೆಯದು ಗುಪ್ತೋಷ್ಣ. ದ್ರವ ಆವಿಯಾಗುವಾಗ ಸುತ್ತಲಿನಿಂದ ಉಷ್ಣವನ್ನು ಹೀರುತ್ತದೆಯೆಂಬುದನ್ನು ವಾಚಕರು ಬಲ್ಲರು. ಒಂದು ಕಿಲೋಗ್ರಾಂ ಪೆಟ್ರೋಲು ಆವಿಯಾಗಲು ಸುಮಾರು 350 ಕಿಲೋಜೂಲ್ ಬೇಕು. ಎಥೆನಾಲಿಗೆ ಸುಮಾರು 850. ಇದನ್ನೂ ಗಾಳಿಗೆ ಹಂಚಿ ನೋಡಿದರೆ, ಕಿಲೋಗ್ರಾಂ ಗಾಳಿಯೊಂದಕ್ಕೆ ಪೆಟ್ರೋಲು ಹೀರುವುದು ಸುಮಾರು 24 ಕಿಲೋಜೂಲ್, ಎಥೆನಾಲು ಹೀರುವುದು ಸುಮಾರು 94. ಒಂದು ಕಿಲೋಗ್ರಾಂ ಗಾಳಿಯ ಉಷ್ಣತೆ ಒಂದು ಡಿಗ್ರಿ ಇಳಿಯಬೇಕಾದರೆ ಸುಮಾರು ಒಂದು ಕಿಲೋಜೂಲ್ ಹೊರಹೋಗಬೇಕು. ಎಂದಮೇಲೆ ಎಥೆನಾಲಿನ ತಂಪು ಪೆಟ್ರೋಲಿನದಕ್ಕಿಂತ ನಾಲ್ಕು ಪಟ್ಟು! ಈ ಉಷ್ಣದಲ್ಲಿ ಒಂದಂಶ ಲೋಹದ ಗೋಡೆಗಳಿಂದ ಬರುವ ಕಾರಣ ಗಾಳಿ ಅಷ್ಟೂ ತಣ್ಣಗಾಗುವುದಿಲ್ಲ, ನಿಜ. ಆದರೂ ತಣ್ಣನೆಯ ಗಾಳಿ ಸಾಂದ್ರವಾದದ್ದು. ಅದೇ ಸ್ಥಳದಲ್ಲಿ ಹೆಚ್ಚು ಹಿಡಿಸುತ್ತದೆ.

ಎರಡನೆಯ ಕಾರಣ ಇನ್ನೂ ಮುಖ್ಯವಾದುದು. ಕಿಡಿ ಹೊತ್ತಿಸಿದ ಜ್ವಾಲೆ ಸಿಲಿಂಡರಿನ ಒಂದು ಕಡೆಯಿಂದ ಹರಡುತ್ತಿರುವಾಗ, ಇನ್ನೊಂದು ಕಡೆ ಉಳಿದ ಮಿಶ್ರಣ ಒತ್ತಡಕ್ಕೂ ಕಾವಿಗೂ ಸಿಕ್ಕಿ ತಾನೇ ತಾನಾಗಿ ಸಿಡಿದುಬಿಡುವುದುಂಟು. ಇದೇ ಎಂಜಿನ್ನಿನ ಬಡಿತ. ಅದು ಮುಂದುವರಿದರೆ ಪಿಸ್ಟನ್ನೇ ಒಡೆಯಬಹುದು. ಬಡಿತವನ್ನು ತಡೆಯುವ ಗುಣವನ್ನು ಆಕ್ಟೇನ್ ಅಂಕದಿಂದ ಅಳೆಯುತ್ತಾರೆ. ಸಾಮಾನ್ಯ ಪೆಟ್ರೋಲುಗಳ ಅಂಕ 91ರಿಂದ 95ರ ಆಸುಪಾಸು. ಎಥೆನಾಲಿನದು ಸುಮಾರು 108. ಆದುದರಿಂದ ಎಥೆನಾಲು ಇರುವ ಎಂಜಿನ್ನಿನೊಳಕ್ಕೆ ಗಾಳಿಯನ್ನು ಹೆಚ್ಚು ಒತ್ತಡದಿಂದ ತುರುಕಬಹುದು, ಬಡಿತದ ಭಯವಿಲ್ಲ.

ಸ್ವೀಡನ್ನಿನ ತಂತ್ರಜ್ಞರು ಮಾಡಿದ್ದು ಇದನ್ನೇ. ಸಿಸಿಎಕ್ಸ್‌ಆರ್ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಎರಡು ಸೂಪರ್‌ಚಾರ್ಜರುಗಳುಂಟು. ಎಥೆನಾಲು ಬಳಸುವಾಗ ಅವುಗಳ ಒತ್ತಡವನ್ನು ಏರಿಸಿದರು. ತೂಕದಲ್ಲಿ ಸುಮಾರು ಒಂದೂವರೆ ಪಟ್ಟು ಇಂಧನ ಬೇಕಾದುದರಿಂದ ಹೆಚ್ಚು ಹರಿವುಳ್ಳ ಸಿಂಪಡಕಗಳನ್ನು ಕೂಡಿಸಿದರು. ಇಂಧನದ ನಳಿಕೆಗಳನ್ನೂ ಪಿಸ್ಟನ್ನಿನ ಬಳೆಗಳನ್ನೂ ಬದಲಾಯಿಸಿದರು. ಮದ್ಯಸಾರವು ನೀರನ್ನು ಸೆಳೆದುಕೊಳ್ಳುತ್ತದೆ. ಕೆಲವು ಬಗೆಯ ರಬ್ಬರನ್ನು ಊದಿಸುತ್ತದೆ. ಕೆಲವು ಲೋಹಗಳನ್ನು ಸವೆಸುತ್ತದೆ. ಪೆಟ್ರೋಲಿಗೆಂದು ಮಾಡಿದ ಭಾಗಗಳು ಅದನ್ನು ಬಹುಕಾಲ ತಾಳಲಾರವು.

ತೊಟ್ಟಿಯಲ್ಲಿರುವ ಮಿಶ್ರಣ ಎಂತಹದೆಂದು ವಾಹನಕ್ಕೆ ತಿಳಿಯುವ ಬಗೆಯೂ ಸ್ವಾರಸ್ಯವಾದುದು. ಎಥೆನಾಲಿನ ಪರಾವೈದ್ಯುತಾಂಕ ಸುಮಾರು 24. ಪೆಟ್ರೋಲಿನದು ಸುಮಾರು 2. ಇಂಧನವನ್ನು ಎರಡು ಲೋಹದ ಫಲಕಗಳ ನಡುವೆ ಹರಿಯಿಸಿ ವಿದ್ಯುದ್ಧಾರಕತೆಯನ್ನು ಅಳೆದರೆ ಮಿಶ್ರಣದ ಪ್ರಮಾಣ ತಿಳಿದುಬರುತ್ತದೆ. ಎರಡೂ ಇಂಧನಗಳಿಂದ ಓಡುವ ಅನೇಕ ಕಾರುಗಳಲ್ಲಿ ಈ ಉಪಕರಣವಿದೆ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಬೇಸರದಿಂದ ಮಾಡುವ ಧಾರಕದ ಪ್ರಯೋಗ ಇಲ್ಲಿ ಎಂಜಿನ್ನನ್ನೇ ನಡೆಸುತ್ತದೆ.

ಆದರೆ ತಂಪಿನ ವರವೇ ಚಳಿಯಲ್ಲಿ ಶಾಪವಾಗುತ್ತದೆ. ಸುಮಾರು 13 ಡಿಗ್ರಿಗಿಂತ ಕೆಳಗೆ ಶುದ್ಧ ಎಥೆನಾಲಿನಿಂದ ಹೊತ್ತಿಕೊಳ್ಳುವಷ್ಟು ಆವಿ ಏಳುವುದಿಲ್ಲ. 15 ಪಾಲು ಪೆಟ್ರೋಲನ್ನು ಬೆರೆಸುವುದು ಮುಖ್ಯವಾಗಿ ಇದಕ್ಕಾಗಿಯೇ. ಸ್ವೀಡನ್ನಿನ ಚಳಿಗಾಲಕ್ಕೆ ಅದೂ ಸಾಲದೆ ಸುಮಾರು 25 ಪಾಲು ಬೆರೆಸಬೇಕಾಗುತ್ತದೆ. ಇನ್ನೊಂದು ನಷ್ಟವೂ ಉಂಟು. ಲೀಟರಿನ ಲೆಕ್ಕದಲ್ಲಿ ಪೆಟ್ರೋಲಿನ ಉಷ್ಣ ಸುಮಾರು 32 ಮೆಗಾಜೂಲ್, ಎಥೆನಾಲಿನದು ಸುಮಾರು 21. ಗಾಳಿಯ ಲೆಕ್ಕದಲ್ಲಿ ಮಾಯವಾದ ಕೊರತೆ ತೊಟ್ಟಿಯ ಲೆಕ್ಕದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಸಾಮರ್ಥ್ಯ ಹೆಚ್ಚಿದರೂ ತೊಟ್ಟಿ ಬೇಗ ಬರಿದಾಗುತ್ತದೆ. ಶಕ್ತಿ ಬೇರೆ, ಸಾಮರ್ಥ್ಯ ಬೇರೆ ಎಂದು ಪಠ್ಯಪುಸ್ತಕ ಹೇಳುವುದರ ಅರ್ಥ ಇದೇ.

ಈ ವಿಚಾರ ಶ್ರೀಮಂತರ ಕಾರಿಗಷ್ಟೇ ಸಂಬಂಧಿಸಿದುದಲ್ಲ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ 20 ಪಾಲು ಎಥೆನಾಲು ಬೆರೆತ ಪೆಟ್ರೋಲನ್ನು ನಮ್ಮ ದೇಶದಲ್ಲಿ ಬಿಡುಗಡೆ ಮಾಡಲಾಯಿತು. ಅದರಿಂದ ಮೈಲೇಜು ಇಳಿಯುವುದೇ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಎದ್ದಿದೆ. ಮೇಲಿನ ಅಂಕಿಗಳಿಂದಲೇ ಉತ್ತರ ಹೇಳಬಹುದು. ಅಂತಹ ಮಿಶ್ರಣದ ಒಂದು ಲೀಟರಿನಲ್ಲಿ ಉಷ್ಣ ನೂರಕ್ಕೆ ಸುಮಾರು 7ರಷ್ಟು ಕಡಮೆ. ಎಥೆನಾಲಿನ ಗುಣವರಿತು, ಸಂಪೀಡನವನ್ನು ಹೆಚ್ಚಿಸಿ ರಚಿಸಿದ ಎಂಜಿನ್ನು ಈ ನಷ್ಟದಲ್ಲಿ ಒಂದಂಶವನ್ನು ತುಂಬಿಕೊಳ್ಳಬಲ್ಲದು. ಹಳೆಯ ಎಂಜಿನ್ನಿಗೆ ಅದು ಸಾಧ್ಯವಿಲ್ಲ. ಅದರ ಪಾಲಿಗೆ ನಷ್ಟ ಮಾತ್ರ ಉಳಿಯುತ್ತದೆ, ಲಾಭ ಕೈಗೆಟುಕುವುದಿಲ್ಲ. ಅದರ ರಬ್ಬರಿನ ಭಾಗಗಳೂ ಈ ಇಂಧನಕ್ಕೆ ತಕ್ಕವೇ ಎಂಬುದನ್ನು ನೋಡಿಕೊಳ್ಳಬೇಕಾಗುತ್ತದೆ.

ಕಬ್ಬಿನಿಂದಲೂ ಧಾನ್ಯದಿಂದಲೂ ಬರುವ ಈ ಇಂಧನದ ಹಿಂದೆ ಗದ್ದೆಯ ನೀರೂ ರೈತನ ದುಡಿಮೆಯೂ ಇವೆ. ಅಷ್ಟು ಬೆಲೆ ತೆತ್ತು ಪಡೆದುದನ್ನು ಅದಕ್ಕೆ ಒಗ್ಗದ ಎಂಜಿನ್ನಿನಲ್ಲಿ ಉರಿಸುವುದು ಜಾಣತನವಲ್ಲ. ಆದುದರಿಂದ ಎಥೆನಾಲು ಒಳ್ಳೆಯದೇ ಕೆಟ್ಟದ್ದೇ ಎಂದು ಯಾರಾದರೂ ಕೇಳಿದಲ್ಲಿ, ಅದನ್ನು ಯಾವ ಎಂಜಿನ್ನಿಗೆ ಹಾಕುವಿರಿ ಎಂದು ನಾವು ಮೊದಲು ಮರುಪ್ರಶ್ನೆ ಹಾಕಬೇಕು.