ಎಂಜಿನ್ನಿನ ಉಸಿರು ಸೋಸುವ ಡಬ್ಬಿ

ಸಂಕ್ರಾಂತಿ ಕಳೆದ ವಾರ ಬಳ್ಳಾರಿ ಕಂಟೋನ್ಮೆಂಟಿನ ಗ್ಯಾರೇಜೊಂದರ ಕಟ್ಟೆಯ ಮೇಲೆ ಒಂದು ಗಾಜಿನ ಬಾಟಲಿ ನೋಡಿದೆ. ಹಿಂದಿನ ಸಂಜೆ ಮೇಸ್ತ್ರಿ ಸೂಪರ್‌ಚಾರ್ಜರ್ ಇರುವ ಹಳೆಯ ಕಾರೊಂದರ ಬಾನೆಟ್ ಎತ್ತಿ, ಒಳಗೆ ಕೂರಿಸಿದ್ದ ಚೊಂಬಿನ ಗಾತ್ರದ ಅಲ್ಯೂಮಿನಿಯಂ ಡಬ್ಬಿಯ ತಳದ ತಿರುಪು ಬಿಚ್ಚಿ, ಅದರಲ್ಲಿದ್ದದ್ದನ್ನು ಆ ಬಾಟಲಿಗೆ ಬಸಿದಿದ್ದರು. ಬೆಳಗಾಗುವಷ್ಟರಲ್ಲಿ ಅದು ಮೂರು ಪದರವಾಗಿ ನಿಂತಿತ್ತು. ಅಡಿಯಲ್ಲಿ ಕದಡಿದ ನೀರು, ನಡುವೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ದಪ್ಪ ನೊರೆ, ಮೇಲೆ ಕರಿ ಎಣ್ಣೆ. ಮುಚ್ಚಳ ತೆಗೆದರೆ ಮೂಗಿಗೆ ಪೆಟ್ರೋಲಿನ ಘಾಟು.

"ನೋಡ್ರಿ ಸಾರ್, ಇದು ಎಂಜಿನ್ ಉಗುಳಿದ್ದು. ಉಗುಳಿದ್ದನ್ನ ಮತ್ತೆ ಅದೇ ನುಂಗಬಾರದಲ್ರೀ" ಎಂದರು ಮೇಸ್ತ್ರಿ.

ಆಯಿಲ್ ಕ್ಯಾಚ್ ಕ್ಯಾನ್ ಎಂಬ ಆ ಡಬ್ಬಿಯ ಅರ್ಥವೆಲ್ಲ ಈ ಮಾತಿನಲ್ಲಿದೆ. ಎಂಜಿನ್ ಏಕೆ ಉಗುಳುತ್ತದೆ, ಅದನ್ನು ಏಕೆ ನುಂಗುತ್ತದೆ, ನಡುವೆ ಡಬ್ಬಿಯೊಂದು ಹೇಗೆ ತಡೆಯುತ್ತದೆ ಎಂಬುದನ್ನು ತಿಳಿಯಲು ಪಿಸ್ಟನ್ನಿನಿಂದಲೇ ಶುರುಮಾಡಬೇಕು.

ರಿಂಗಿನ ಸಂದಿಯಲ್ಲಿ

ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವಿನ ಸಂದಿಯನ್ನು ಮುಚ್ಚುವುದು ಪಿಸ್ಟನ್ ರಿಂಗುಗಳು. ಆದರೆ ರಿಂಗು ಪೂರ್ಣ ಬಳೆಯಲ್ಲ. ಬಿಸಿಯಾದಾಗ ಹಿಗ್ಗಲು ಜಾಗ ಬೇಕೆಂದು ಅದರ ಎರಡು ತುದಿಗಳ ನಡುವೆ ಮಿಲಿಮೀಟರಿನ ಒಂದು ಸಣ್ಣ ಭಾಗದಷ್ಟು ಬಿರುಕು ಬಿಟ್ಟಿರುತ್ತಾರೆ. ಪೆಟ್ರೋಲ್ ಹೊತ್ತಿಕೊಂಡ ಕ್ಷಣ ಮೇಲೆ ಹುಟ್ಟುವ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಹತ್ತಾರು ಪಟ್ಟು. ಅಷ್ಟು ಒತ್ತಡಕ್ಕೆ ಆ ಬಿರುಕು ಸಾಕು. ಒಂದಿಷ್ಟು ಅನಿಲ ರಿಂಗುಗಳನ್ನು ದಾಟಿ, ಕೆಳಗೆ ಎಣ್ಣೆ ಇರುವ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಇದಕ್ಕೆ 'ಬ್ಲೋ-ಬೈ' ಎನ್ನುತ್ತಾರೆ. ಹೊಸ ಎಂಜಿನ್ನಿನಲ್ಲೂ ಇದು ಇದ್ದೇ ಇರುತ್ತದೆ. ರಿಂಗು ಸವೆದಂತೆ ಹೆಚ್ಚುತ್ತದೆ.

ನುಸುಳಿದ ಅನಿಲದಲ್ಲಿ ಏನೇನಿದೆ? ಅರೆಬೆಂದ ಪೆಟ್ರೋಲಿನ ಆವಿ, ಮಸಿ, ಆಮ್ಲದ ಅಂಶಗಳು, ಜೊತೆಗೆ ನೀರಾವಿ. ನೀರು ಎಲ್ಲಿಂದ ಬಂತೆಂದು ಕೇಳಬಹುದು. 1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 1 ಲೀಟರ್ ನೀರೇ ಹುಟ್ಟುತ್ತದೆ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಸೇರಿದ ಫಲ ಅದು. ಬಹುಪಾಲು ಸೈಲೆನ್ಸರಿನಿಂದ ಆವಿಯಾಗಿ ಹೋಗುತ್ತದೆ, ಸ್ವಲ್ಪ ಕೆಳಗಿಳಿಯುತ್ತದೆ. ಕೆಳಗೆ ಕ್ರ್ಯಾಂಕು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ ಎಣ್ಣೆಯನ್ನು ಚಿಮ್ಮಿಸಿ ಮಂಜಾಗಿಸಿರುತ್ತದೆ. ಇಳಿದ ಅನಿಲ ಆ ಎಣ್ಣೆಯ ಮಂಜನ್ನು ಹೊತ್ತುಕೊಂಡು ಹೊರದಾರಿ ಹುಡುಕುತ್ತದೆ. ದಾರಿ ಮುಚ್ಚಿದರೆ ಒಳಗಿನ ಒತ್ತಡ ಏರಿ, ಆಯಿಲ್ ಸೀಲುಗಳನ್ನೇ ತಳ್ಳಿಕೊಂಡು ಎಣ್ಣೆ ಹೊರಗೆ ಸೋರುತ್ತದೆ. ಹಾಗಾಗಿ ಎಂಜಿನ್ ಈ ಉಸಿರನ್ನು ಬಿಡಲೇಬೇಕು.

ಹೊಗೆಮಂಜು ಕಲಿಸಿದ ಪಾಠ

ಒಂದು ಕಾಲದಲ್ಲಿ ಈ ಉಸಿರನ್ನು ನೇರ ರಸ್ತೆಗೆ ಬಿಡುತ್ತಿದ್ದರು. ಎಂಜಿನ್ನಿನಿಂದ ಒಂದು ಕೊಳವೆ ಕಾರಿನ ಹೊಟ್ಟೆಯ ಕೆಳಗೆ ಇಳಿದಿರುತ್ತಿತ್ತು, ಓಡುವಾಗ ಬೀಸುವ ಗಾಳಿ ಅನಿಲವನ್ನು ಎಳೆದುಕೊಳ್ಳುತ್ತಿತ್ತು. ಹಳೆಯ ರಸ್ತೆಗಳ ನಡುಭಾಗ ಎಣ್ಣೆ ತೊಟ್ಟಿಕ್ಕಿ ಕಪ್ಪಾಗಿರುತ್ತಿದ್ದುದು ಇದರಿಂದಲೇ. ಅಮೆರಿಕದ ಲಾಸ್ ಏಂಜಲೀಸ್ ನಗರ ಹೊಗೆಮಂಜಿನಲ್ಲಿ ಕಣ್ಣುರಿಯಿಂದ ನರಳಿದಾಗ ವಿಜ್ಞಾನಿಗಳು ಕಾರಣ ಹುಡುಕಿದರು. ಸೈಲೆನ್ಸರ್ ಒಂದೇ ಅಲ್ಲ, ಈ ಕೊಳವೆಯೂ ದೊಡ್ಡ ತಪ್ಪುಗಾರ ಎಂದು ಗೊತ್ತಾಯಿತು. 1961ರ ಮಾದರಿಯ ಕಾರುಗಳಿಂದ ಕ್ಯಾಲಿಫೋರ್ನಿಯಾದಲ್ಲಿ 'ಪಿಸಿವಿ ವಾಲ್ವ್' ಬಂತು. ಕ್ರ್ಯಾಂಕ್‌ಕೇಸಿನ ಅನಿಲವನ್ನು ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೇ ತಿರುಗಿಸಿ, ಮತ್ತೆ ಉರಿಸಿಬಿಡುವ ಏರ್ಪಾಡು ಅದು. ಇಂದು ನಮ್ಮ ದೇಶದ ಮಾಲಿನ್ಯ ನಿಯಮವೂ ಪೆಟ್ರೋಲ್ ಕಾರುಗಳು ಈ ಅನಿಲವನ್ನು ಹೊರಗೆ ಬಿಡಬಾರದು ಎನ್ನುತ್ತದೆ.

ಗಾಳಿಗೆ ಇದು ಒಳ್ಳೆಯದೇ ಆಯಿತು. ಆದರೆ ಉರಿಯಬೇಕಾದ ಆವಿಯ ಜೊತೆ ಎಣ್ಣೆಯ ಮಂಜೂ ಎಂಜಿನ್ನಿನ ಗಂಟಲಿಗೆ ಬೀಳತೊಡಗಿತು.

ಗಾಳಿಯನ್ನು ತುರುಕಿದಾಗ

ಸಾಮಾನ್ಯ ಎಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಸೂಪರ್‌ಚಾರ್ಜರ್ ಗಾಳಿಯನ್ನು ತುರುಕುತ್ತದೆ. ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವ ಗಾಳಿಯಂತ್ರ ಇದು. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯಿಂದ ತಿರುಗಿದರೆ ಅದೇ ಟರ್ಬೊ. ಸೂಪರ್‌ಚಾರ್ಜರಿನ ಒಂದು ಹಳೆಯ ಬಗೆಗೆ ರೂಟ್ಸ್ ಎಂಬ ಹೆಸರು. ಅಮೆರಿಕದ ಇಂಡಿಯಾನಾದಲ್ಲಿ ಫಿಲಾಂಡರ್ ಮತ್ತು ಫ್ರಾನ್ಸಿಸ್ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಆ ಯಂತ್ರ ಮೊದಲು ಗಾಳಿ ಊದಿದ್ದು ಕಬ್ಬಿಣ ಕರಗಿಸುವ ಕುಲುಮೆಗಳಿಗೆ. ಕಾರಿನ ಎಂಜಿನ್ನಿಗೆ ಬಂದದ್ದು ಆಮೇಲೆ.

ಗಾಳಿ ತುರುಕಿದರೆ ಎರಡು ಬದಲಾವಣೆ ಆಗುತ್ತವೆ. ಸಿಲಿಂಡರಿನೊಳಗಿನ ಒತ್ತಡ ಏರುವುದರಿಂದ ರಿಂಗು ದಾಟುವ ಅನಿಲವೂ ಹೆಚ್ಚುತ್ತದೆ. ಎರಡನೆಯದು ಇನ್ನೂ ಮುಖ್ಯ. ನಿಧಾನ ಓಟದಲ್ಲಿ ಎಂಜಿನ್ನಿನ ಗಾಳಿದಾರಿಯಲ್ಲಿ ನಿರ್ವಾತ ಇರುತ್ತದೆ, ಪಿಸಿವಿ ವಾಲ್ವಿನ ಮೂಲಕ ಅನಿಲ ಸುಲಭವಾಗಿ ಅತ್ತ ಹೋಗುತ್ತದೆ. ಆಕ್ಸಿಲರೇಟರ್ ಒತ್ತಿ ಸೂಪರ್‌ಚಾರ್ಜರ್ ಗಾಳಿ ತುಂಬಿದೊಡನೆ ಅಲ್ಲಿ ನಿರ್ವಾತ ಹೋಗಿ ಒತ್ತಡ ಬರುತ್ತದೆ. ವಾಲ್ವ್ ಮುಚ್ಚಿಕೊಳ್ಳುತ್ತದೆ. ಆಗ ಅನಿಲ ಇನ್ನೊಂದು ದಾರಿ ಹಿಡಿದು, ಬ್ರೀದರ್ ಪೈಪಿನಲ್ಲಿ ಸೂಪರ್‌ಚಾರ್ಜರಿನ ಬಾಯಿಗೆ ಹೋಗುತ್ತದೆ. ಎಣ್ಣೆಯ ಮಂಜು ಸೂಪರ್‌ಚಾರ್ಜರಿನ ಒಳಗನ್ನೂ, ಗಾಳಿ ತಣಿಸುವ ಇಂಟರ್‌ಕೂಲರಿನ ಒಳಗೋಡೆಯನ್ನೂ ಲೇಪಿಸುತ್ತದೆ.

ಬಳ್ಳಾರಿಯ ಬಿಸಿಲಿನಲ್ಲಿ ಈ ಲೇಪ ಹಗುರದ ಮಾತಲ್ಲ. ಗಾಳಿಯನ್ನು ಅದುಮಿದರೆ ಬಿಸಿಯಾಗುತ್ತದೆ, ಸೈಕಲ್ ಪಂಪಿನ ಬುಡ ಮುಟ್ಟಿದವರಿಗೆ ಇದು ಗೊತ್ತು. 20 ಡಿಗ್ರಿಯ ಗಾಳಿಯನ್ನು ಒಂದೂವರೆ ಪಟ್ಟು ಒತ್ತಡಕ್ಕೆ ಅದುಮಿದರೆ, ಏನೂ ನಷ್ಟವಿಲ್ಲದ ಲೆಕ್ಕದಲ್ಲಿ ಅದು 56 ಡಿಗ್ರಿ ಮುಟ್ಟುತ್ತದೆ. ಏಪ್ರಿಲ್ ತಿಂಗಳ ನಮ್ಮ 40 ಡಿಗ್ರಿಯ ಗಾಳಿ ಅದೇ ಲೆಕ್ಕದಲ್ಲಿ 78 ಡಿಗ್ರಿಗೆ ಏರುತ್ತದೆ. ನಿಜವಾದ ಯಂತ್ರದಲ್ಲಿ ಇನ್ನೂ ಹೆಚ್ಚು. ಅದನ್ನು ತಣಿಸಬೇಕಾದ ಇಂಟರ್‌ಕೂಲರಿಗೆ ಎಣ್ಣೆ ಮೆತ್ತಿಕೊಂಡರೆ ಅದು ಕಂಬಳಿ ಹೊದ್ದಂತೆ. ಜೊತೆಗೆ ಸಿಲಿಂಡರಿಗೆ ಹೋದ ಎಣ್ಣೆ ಪೆಟ್ರೋಲಿನ ತಾಳಿಕೆ ಕುಗ್ಗಿಸುತ್ತದೆ, ಕಿಡಿ ಬೀಳುವ ಹದ ತಪ್ಪಿ ಇಂಧನ ತಾನೇ ಸಿಡಿಯುತ್ತದೆ. ಗ್ಯಾರೇಜಿನವರು 'ನಾಕಿಂಗ್' ಎನ್ನುವ ಆ ಟಕಟಕ ಸದ್ದು ಪಿಸ್ಟನ್ನಿಗೆ ಬೀಳುವ ಸುತ್ತಿಗೆ ಏಟು. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್ನುಗಳಲ್ಲಿ ಇನ್ನೊಂದು ತೊಡಕಿದೆ. ಗಾಳಿಯ ವಾಲ್ವುಗಳ ಬೆನ್ನನ್ನು ಪೆಟ್ರೋಲ್ ತೊಳೆಯುವುದಿಲ್ಲವಾದ್ದರಿಂದ ಎಣ್ಣೆ ಅಲ್ಲೇ ಸುಟ್ಟು ಇದ್ದಿಲಾಗಿ ಗಟ್ಟಿಯಾಗುತ್ತದೆ.

ಕಣದಲ್ಲಿ ತೂರಿದಂತೆ

ಎಣ್ಣೆಯ ಮಂಜನ್ನು ಅನಿಲದಿಂದ ಬೇರ್ಪಡಿಸುವುದು ಹೇಗೆ? ಸಿರುಗುಪ್ಪದ ಕಣಗಳಲ್ಲಿ ಭತ್ತ ತೂರಿದವರಿಗೆ ಉತ್ತರ ಗೊತ್ತು. ಮೊರದಿಂದ ಸುರಿದಾಗ ಗಾಳಿ ಜಳ್ಳನ್ನು ಒಯ್ಯುತ್ತದೆ, ತೂಕದ ಕಾಳು ಗಾಳಿಯ ಮಾತು ಕೇಳದೆ ಬುಡದಲ್ಲೇ ಬೀಳುತ್ತದೆ. ಅಲ್ಲಿನ ಅಕ್ಕಿ ಗಿರಣಿಗಳ ಮಾಡಿನ ಮೇಲೆ ಕಾಣುವ ಆಲಿಕೆಯಾಕಾರದ ಸೈಕ್ಲೋನ್ ಮಾಡುವುದೂ ಇದನ್ನೇ. ಧೂಳಿನ ಗಾಳಿಯನ್ನು ಗಿರ್ರನೆ ತಿರುಗಿಸಿದಾಗ ಭಾರದ ಕಣಗಳು ತಿರುವು ತೆಗೆದುಕೊಳ್ಳಲಾರದೆ ಗೋಡೆಗೆ ಬಡಿದು ಕೆಳಗಿಳಿಯುತ್ತವೆ. ಕಬ್ಬಿಣದ ಊದುಕುಲುಮೆಗಳ ಪಕ್ಕದಲ್ಲಿ ನಿಂತಿರುವ 'ಡಸ್ಟ್ ಕ್ಯಾಚರ್' ಎಂಬ ದೊಡ್ಡ ಪಾತ್ರೆಯಲ್ಲೂ ಅನಿಲದ ವೇಗ ಇಳಿಸಿ, ದಿಕ್ಕು ತಿರುಗಿಸಿ ಧೂಳನ್ನು ಉದುರಿಸುತ್ತಾರೆ.

ಕ್ಯಾಚ್ ಕ್ಯಾನ್ ಈ ಕುಟುಂಬದ ಕಿರಿಯ. ಕಿರಿದಾದ ಪೈಪಿನಿಂದ ಅಗಲದ ಡಬ್ಬಿಗೆ ಬಂದೊಡನೆ ಅನಿಲ ನಿಧಾನವಾಗುತ್ತದೆ. ಒಳಗಿನ ತಡೆತಟ್ಟೆಗೆ ಎದುರಾಗಿ ಸರಕ್ಕನೆ ತಿರುಗುತ್ತದೆ, ದೊಡ್ಡ ಹನಿಗಳು ತಿರುಗಲಾರದೆ ತಟ್ಟೆಗೆ ಅಂಟುತ್ತವೆ. ಕೂದಲೆಳೆಗಿಂತ ಹತ್ತಾರು ಪಟ್ಟು ಸಣ್ಣ ಹನಿಗಳು ತಟ್ಟೆಯನ್ನು ತಪ್ಪಿಸಿಕೊಳ್ಳುತ್ತವೆ, ಅವಕ್ಕಾಗಿ ಉಕ್ಕಿನ ನಾರಿನ ಜಾಲರಿ ಇದೆ. ಎಳೆಗಳಿಗೆ ತಾಗಿದ ಹನಿಗಳು ಒಂದಕ್ಕೊಂದು ಸೇರಿ ದಪ್ಪವಾಗಿ ತೊಟ್ಟಿಕ್ಕುತ್ತವೆ. ಡಬ್ಬಿಯ ಗೋಡೆ ತಂಪಾಗಿದ್ದರೆ ನೀರಾವಿಯೂ ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಬೆವತಂತೆ ಹನಿಗಟ್ಟುತ್ತದೆ. ಒಳಗೆ ಏನೂ ಇಲ್ಲದ ಬರಿಡಬ್ಬಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರಲ್ಲಿ ಮಂಜು ಬಂದ ದಾರಿಯಲ್ಲೇ ದಾಟಿಹೋಗುತ್ತದೆ.

ಹಳಿಯ ಮೇಲಿನ ಅಣ್ಣ

ಈ ಡಬ್ಬಿಯ ದೊಡ್ಡಣ್ಣ ನಮ್ಮ ಕಂಟೋನ್ಮೆಂಟ್ ರೈಲು ನಿಲ್ದಾಣದ ಮುಂದೆಯೇ ವರ್ಷಗಟ್ಟಲೆ ಓಡಾಡಿದೆ. ಅದಿರಿನ ಗಾಡಿಗಳನ್ನು ಎಳೆದ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ನುಗಳು ಹುಬ್ಬಳ್ಳಿ ಶೆಡ್ಡಿನವು. 16 ಸಿಲಿಂಡರು, ಒಂದೊಂದೂ 11.6 ಲೀಟರ್, ಒಟ್ಟು ಸುಮಾರು 4,000 ಅಶ್ವಶಕ್ತಿ. ಅದು ಎರಡು ಹೊಡೆತದ ಎಂಜಿನ್, ಗಾಳಿಯನ್ನು ತಾನಾಗಿ ಎಳೆದುಕೊಳ್ಳಲಾರದು. ಹಾಗಾಗಿ ಅದರ ಟರ್ಬೊಗೆ ಎರಡು ಬಗೆಯ ಚಾಲನೆ. ನಿಧಾನ ಓಟದಲ್ಲಿ ಎಂಜಿನ್ನಿನ ಗೇರುಗಳೇ ಅದನ್ನು ತಿರುಗಿಸುತ್ತವೆ, ಅಂದರೆ ಆಗ ಅದು ಸೂಪರ್‌ಚಾರ್ಜರ್. ಹೊಗೆಯ ಬಲ ಸಾಕಷ್ಟು ಬಂದ ಮೇಲೆ ಗೇರಿನ ಹಿಡಿತ ಬಿಟ್ಟು ಟರ್ಬೊ ಆಗುತ್ತದೆ.

ಆ ಎಂಜಿನ್ನಿನ ಕ್ರ್ಯಾಂಕ್‌ಕೇಸಿನ ಅನಿಲ ಮೊದಲು ಜಾಲರಿ ತುಂಬಿದ ಆಯಿಲ್ ಸೆಪರೇಟರನ್ನು ದಾಟಬೇಕು. ಎಣ್ಣೆ ಅಲ್ಲೇ ಹನಿದು ಎಂಜಿನ್ನಿಗೆ ಮರಳುತ್ತದೆ. ಉಳಿದ ಅನಿಲವನ್ನು ಹೊಗೆಕೊಳವೆಯ ರಭಸವೇ ಹೀರಿಕೊಂಡು ಮೇಲೆ ಬಿಡುತ್ತದೆ. ಈ ಹೀರುವಿಕೆಯಿಂದ ಕ್ರ್ಯಾಂಕ್‌ಕೇಸಿನ ಒಳಗೆ ಸದಾ ಸ್ವಲ್ಪ ನಿರ್ವಾತ ಇರುತ್ತದೆ. ಅಲ್ಲಿ ನಿರ್ವಾತ ಹೋಗಿ ಒತ್ತಡ ಬಂದರೆ ಒಂದು ಸುರಕ್ಷಾ ಸಾಧನ ಎಂಜಿನ್ನನ್ನೇ ನಿಲ್ಲಿಸಿಬಿಡುತ್ತದೆ. ಉಸಿರಿನ ದಾರಿಗೆ ರೈಲ್ವೆ ಎಂಜಿನ್ ಕಟ್ಟಿದವರು ಎಷ್ಟು ಬೆಲೆ ಕೊಟ್ಟಿದ್ದಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೂರಿಸುವ ಕ್ರಮ

ಕಾರಿನಲ್ಲಿ ಡಬ್ಬಿ ಕೂರಿಸುವ ಕೆಲಸ ಅರ್ಧ ದಿನದ್ದು, ಆದರೆ ಯೋಚನೆ ಮೊದಲೇ ಮುಗಿದಿರಬೇಕು. ಸೂಪರ್‌ಚಾರ್ಜರ್ ಕಾರಿನಲ್ಲಿ ಅನಿಲಕ್ಕೆ ಎರಡು ದಾರಿ ಎಂದೆವಲ್ಲ, ಅವೆರಡನ್ನೂ ಗುರುತಿಸಬೇಕು. ಪಿಸಿವಿ ದಾರಿಗೆ ಮಾತ್ರ ಡಬ್ಬಿ ಹಾಕಿದರೆ, ಗಾಳಿ ತುಂಬುವ ಹೊತ್ತಿನಲ್ಲಿ, ಅಂದರೆ ಎಣ್ಣೆ ಅತಿ ಹೆಚ್ಚು ಬರುವ ಹೊತ್ತಿನಲ್ಲಿ, ಡಬ್ಬಿ ಸುಮ್ಮನೆ ಕೂತಿರುತ್ತದೆ. ಎರಡು ದಾರಿಗೆ ಎರಡು ಡಬ್ಬಿ ಇಡಬಹುದು, ಇಲ್ಲವೇ ಒಮ್ಮುಖ ವಾಲ್ವುಗಳಿರುವ ಒಂದೇ ಡಬ್ಬಿ.

ಡಬ್ಬಿಯ ಜಾಗ ಸೈಲೆನ್ಸರಿನ ಬಿಸಿಯಿಂದ ದೂರವಿದ್ದು ಗಾಳಿ ಆಡುವಂತಿರಬೇಕು, ಡಬ್ಬಿ ನೆಟ್ಟಗೆ ನಿಂತಿರಬೇಕು. ಪೈಪು ಎಣ್ಣೆ ತಾಳುವ ರಬ್ಬರಿನದ್ದೇ ಆಗಬೇಕು. ನೀರಿನ ಪೈಪು ಹಾಕಿದರೆ ಎಣ್ಣೆಗೆ ಊದಿಕೊಳ್ಳುತ್ತದೆ, ನಿರ್ವಾತಕ್ಕೆ ಚಪ್ಪಟೆಯಾಗುತ್ತದೆ. ಒಳ ಅಗಲ ಮೂಲ ಪೈಪಿಗಿಂತ ಕಿರಿದಾಗಬಾರದು. ನಡುವೆ ಜೋತುಬಿದ್ದರೆ ಆ ತಗ್ಗಿನಲ್ಲಿ ಎಣ್ಣೆ ನಿಂತು ಉಸಿರು ಕಟ್ಟುತ್ತದೆ. ಡಬ್ಬಿಯಿಂದ ಹೊರಟ ಅನಿಲ ಮತ್ತೆ ಎಂಜಿನ್ನಿಗೇ ಸೇರಬೇಕು. ಸಣ್ಣ ಫಿಲ್ಟರ್ ಹಾಕಿ ಬಯಲಿಗೆ ಬಿಡುವವರಿದ್ದಾರೆ. ಅದು ಲಾಸ್ ಏಂಜಲೀಸ್ ಕಲಿತ ಪಾಠವನ್ನು ಮರೆತು ನಮ್ಮ ಓಣಿಯ ಮಕ್ಕಳ ಮೂಗಿಗೆ ವಿಷ ಬಿಟ್ಟಂತೆ.

ಬಳ್ಳಾರಿಯಲ್ಲಿ ಇನ್ನೊಂದು ಎಚ್ಚರ ಬೇಕು. ಕ್ಲ್ಯಾಂಪ್ ಸಡಿಲವಿದ್ದರೆ, ಗಾಳಿ ಎಳೆದುಕೊಳ್ಳುವ ಕಡೆಯಲ್ಲಿ, ಏರ್ ಫಿಲ್ಟರನ್ನು ದಾಟದ ಗಾಳಿ ಒಳನುಗ್ಗುತ್ತದೆ. ಆ ಗಾಳಿಯ ಜೊತೆ ಅದಿರಿನ ಧೂಳೂ ಬರುತ್ತದೆ. ಸಂಡೂರಿನ ಬೆಟ್ಟಗಳ ಅದಿರು ಹೆಮಟೈಟ್, ಅಂದರೆ ಐರನ್ ಆಕ್ಸೈಡ್. ಒಡವೆಗೆ ಹೊಳಪು ಕೊಡುವ ಕೆಂಪು ಪುಡಿಯೂ ಅದೇ ವಸ್ತು. ಲೋಹವನ್ನು ಉಜ್ಜುವುದು ಅದರ ಗುಣ. ರಸ್ತೆಯ ಮರಳಿನ ಹುಡಿ ಅದಕ್ಕಿಂತಲೂ ಗಟ್ಟಿ. ಇವು ಸಿಲಿಂಡರ್ ಸೇರಿದರೆ ರಿಂಗು ಸವೆಯುತ್ತದೆ, ರಿಂಗು ಸವೆದರೆ ಬ್ಲೋ-ಬೈ ಹೆಚ್ಚುತ್ತದೆ. ತಡೆಯಲು ಹಾಕಿದ ಡಬ್ಬಿಯೇ ರೋಗ ತಂದಂತಾಗುತ್ತದೆ. ಎಂಜಿನ್ ನಿಧಾನವಾಗಿ ಓಡುವಾಗ ಪ್ರತಿ ಸಂದಿಗೂ ಕಿವಿಗೊಟ್ಟು ಸುಯ್ಯೆನ್ನುವ ಸದ್ದು ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಎಲ್ಲ ಕಾರಿಗೂ ಈ ಡಬ್ಬಿ ಬೇಕಿಲ್ಲ. ಕಾರ್ಖಾನೆಯಿಂದಲೇ ಎಂಜಿನ್ನಿನೊಳಗೆ ಸಣ್ಣ ಸೆಪರೇಟರ್ ಬಂದಿರುತ್ತದೆ, ಸಾಮಾನ್ಯ ಎಂಜಿನ್ನಿಗೆ ಅದು ಸಾಕು. ವಾರಂಟಿ ಇರುವ ಕಾರಾದರೆ ಮೊದಲು ಕಂಪನಿಯವರನ್ನು ಕೇಳಿ. ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ ಎಂಬುದೂ ನೆನಪಿರಲಿ.

ಬಾಟಲಿ ಹೇಳುವ ಮಾತು

ಡಬ್ಬಿ ತುಂಬಿ ತುಳುಕಿದರೆ ಕೂಡಿಟ್ಟ ಎಣ್ಣೆಯೆಲ್ಲ ಒಮ್ಮೆಗೇ ಗಂಟಲಿಗೆ ಬೀಳುತ್ತದೆ. ಆದ್ದರಿಂದ ಮೊದಲ ಸಲ ಸಾವಿರ ಕಿಲೋಮೀಟರಿಗೇ ತೆರೆದು ನೋಡಬೇಕು, ಎಷ್ಟು ಸೇರುತ್ತದೆಂದು ತಿಳಿದ ಮೇಲೆ ಅಂತರ ಗೊತ್ತುಮಾಡಿಕೊಳ್ಳಬೇಕು. ಬಸಿದದ್ದನ್ನು ಎಂಜಿನ್ನಿಗೆ ಮರಳಿ ಸುರಿಯಬಾರದು, ಅದರಲ್ಲಿ ನೀರೂ ಆಮ್ಲವೂ ಇವೆ. ಚರಂಡಿಗೂ ಸುರಿಯಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬಳಸಿದ ಎಣ್ಣೆ ಅಧಿಕೃತ ಮರುಬಳಕೆದಾರರಿಗೆ ಸೇರಬೇಕು.

ಮೇಸ್ತ್ರಿಯ ಕಟ್ಟೆಯ ಮೇಲೆ ಬಾಟಲಿಯ ಪಕ್ಕ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಆ ಕಾರಿನ ಪುಟದಲ್ಲಿ ತಾರೀಖು, ಓಡಿದ ಕಿಲೋಮೀಟರು, ಬಸಿದ ಮಿಲಿಲೀಟರು ಎಂದು ಮೂರು ಸಾಲು. ಕಫ ನೋಡಿ ಎದೆಯ ಸ್ಥಿತಿ ಹೇಳುವ ವೈದ್ಯರಂತೆ ಅವರು ಈ ಲೆಕ್ಕ ಇಡುತ್ತಾರೆ. ಚಳಿಗಾಲದಲ್ಲಿ ನೊರೆ ಹೆಚ್ಚಾದರೆ ಅವರು ಗಾಬರಿಯಾಗುವುದಿಲ್ಲ, ಅದು ತಂಪಿಗೆ ಹನಿಗಟ್ಟಿದ ನೀರು. ಕರಿ ಎಣ್ಣೆ ಸಲದಿಂದ ಸಲಕ್ಕೆ ಏರಿದರೆ ಮಾತ್ರ ರಿಂಗಿನ ಕಡೆ ಕೈ ಹಾಕುತ್ತಾರೆ. ಬಾಟಲಿಯನ್ನು ಬೆಳಕಿಗೆ ಹಿಡಿದು ಪದರಗಳನ್ನು ಅಳೆದು, ಪೆನ್ಸಿಲಿನಿಂದ ಅಂಕಿ ಬರೆದರು. ಹಿಂದಿನ ಮೂರು ಸಲ ಬರೆದಷ್ಟೇ ಇತ್ತು. "ರಿಂಗು ಚೆನ್ನಾಗದಾವ್ರಿ ಸಾರ್" ಎಂದು, ಬಾಟಲಿಯನ್ನು ಹಳೆ ಎಣ್ಣೆಯ ಡ್ರಮ್ಮಿಗೆ ಬಗ್ಗಿಸಿದರು.