ಬಟ್ಟಿ ಜಾರಿದ್ದಲ್ಲ, ಮಹಾಪಧಮನಿ ಬಿರಿದದ್ದು

"ಬಟ್ಟಿ ಜಾರೈತಿ, ತಿಕ್ಕಿಸ್ಕೊಂಡ್ ಬಾ."

ಗುಡಗೇರಿ, ಸಂಶಿ, ಕುಂದಗೋಳದ ಕಡೆ ಹೊಟ್ಟೆ ಹಿಡಿದುಕೊಂಡು ಕೂತವರಿಗೆ ಸಿಗುವ ಮೊದಲ ಸಲಹೆಗಳಲ್ಲಿ ಇದೊಂದು. ತಿಕ್ಕುವವರು ಅಂಗಾತ ಮಲಗಿಸಿ, ಹೊಕ್ಕಳ ಮೇಲೆ ಬೆರಳೂರಿ ಬಡಿತ ಹುಡುಕುತ್ತಾರೆ. ಬಡಿತ ನಟ್ಟನಡುವೆ ಸಿಕ್ಕರೆ ಎಲ್ಲ ಸರಿ. ಮೇಲಕ್ಕೋ ಪಕ್ಕಕ್ಕೋ ಸಿಕ್ಕರೆ ಬಟ್ಟಿ ಸರಿದಿದೆ ಎಂದು ಎಣ್ಣೆ ಹಚ್ಚಿ ನೀವುತ್ತಾರೆ.

ಆ ಬಡಿತ ನಿಜ, ಅದಕ್ಕೆ ಕೊಡುವ ಕಾರಣ ಮಾತ್ರ ತಪ್ಪು. ಹೃದಯದಿಂದ ಹೊರಟ ಮಹಾಪಧಮನಿ ಎದೆಯೊಳಗೆ ಬಾಗಿ, ಬೆನ್ನುಮೂಳೆಯ ಮುಂದೆ ಕೆಳಗಿಳಿದು, ಹೊಕ್ಕಳ ಮಟ್ಟದ ಹತ್ತಿರ ಎರಡು ಕವಲಾಗಿ ಕಾಲುಗಳಿಗೆ ಹೋಗುತ್ತದೆ. ತೆಳ್ಳಗಿನವರ ಹೊಟ್ಟೆ ಒತ್ತಿದರೆ ಕೈಗೆ ಹತ್ತುವುದು ಇದೇ ನಾಳದ ಬಡಿತ. ನಡುಗೆರೆಯಿಂದ ತುಸು ಎಡಕ್ಕಿರುವುದು ಅದರ ಸಹಜ ಜಾಗ. ಭಾರ ಎತ್ತಿದರೆ ಅದು ಜಾರುವುದಿಲ್ಲ, ತಿಕ್ಕಿದರೆ ಮರಳುವುದೂ ಇಲ್ಲ. ಹೆಚ್ಚಿನ ಹೊಟ್ಟೆನೋವು ಒಂದೆರಡು ದಿನದಲ್ಲಿ ತಾನಾಗಿ ಇಳಿಯುವುದರಿಂದ ಕೀರ್ತಿ ತಿಕ್ಕಿದ ಕೈಗೆ ಸಲ್ಲುತ್ತದೆ. ಅಷ್ಟರಮಟ್ಟಿಗೆ ಯಾರಿಗೂ ನಷ್ಟವಿಲ್ಲ.

ಆದರೆ ಅರವತ್ತು ದಾಟಿದ, ವರ್ಷಾನುಗಟ್ಟಲೆ ಬೀಡಿ ಸೇದಿದ ಗಂಡಸರಲ್ಲಿ ಈ ನಾಳ ಹೊಟ್ಟೆಯೊಳಗೆ ಸುದ್ದಿಯಿಲ್ಲದೆ ಉಬ್ಬಿರಬಹುದು. ಸಾಮಾನ್ಯ ಅಗಲ ಸುಮಾರು 2 ಸೆಂ.ಮೀ. 3 ಸೆಂ.ಮೀ. ಮುಟ್ಟಿದರೆ ವೈದ್ಯರು ಅದನ್ನು ಉಬ್ಬು ಎಂದು ಬರೆದಿಡುತ್ತಾರೆ. ಗಂಡಸರಲ್ಲಿ 5.5 ಸೆಂ.ಮೀ. ತಲುಪಿತೆಂದರೆ ಚಿಕಿತ್ಸೆಯ ಮಾತು ಬರುತ್ತದೆ. ಸವೆದ ಟ್ರ್ಯಾಕ್ಟರ್ ಟೈರಿನ ಬದಿಗೆ ಎದ್ದ ಗುಳ್ಳೆಯ ಹಾಗೆ, ಹಿಗ್ಗಿದಷ್ಟೂ ಒಡೆಯುವ ಭಯ ಹೆಚ್ಚು. ಅಂಥವರಿಗೆ ಒಮ್ಮೆಲೇ ಹೊಟ್ಟೆಯಲ್ಲಿ, ಬೆನ್ನಲ್ಲಿ ತಡೆಯಲಾರದ ನೋವು ಎದ್ದು, ಮೈ ಬೆವರಿ, ಕಣ್ಣು ಕತ್ತಲೆಗಟ್ಟಿದರೆ ಆ ಹೊಟ್ಟೆಯನ್ನು ಯಾರೂ ಒತ್ತಿ ತಿಕ್ಕಬಾರದು. ತಿಕ್ಕುವ ಕೈಯೇ ಅಪಾಯ. ತಿಕ್ಕುವವರ ಮನೆಗೆ ಹೋಗಿಬರುವ ಹೊತ್ತು ಅದಕ್ಕಿಂತ ದೊಡ್ಡ ಅಪಾಯ.

ಉಬ್ಬನ್ನು ಒಡೆಯುವ ಮೊದಲೇ ಹಿಡಿಯಬಹುದು ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲೇ ಬಸ್ ಕಂಡಕ್ಟರ್ ಆಗಿದ್ದ ರಜನಿಕಾಂತ್ ಅವರ ಸುದ್ದಿ ನೆನಪಿರಬಹುದು. 2024ರ ಸೆಪ್ಟೆಂಬರ್ 30ರಂದು, 73ನೇ ವಯಸ್ಸಿನಲ್ಲಿ, ಅವರು ಚೆನ್ನೈನ ಅಪೋಲೊ ಆಸ್ಪತ್ರೆ ಸೇರಿದರು. ಮಹಾಪಧಮನಿಯಲ್ಲಿ ಉಬ್ಬಿತ್ತು, ಎದೆ ಕೊಯ್ಯದೆ ನಾಳದೊಳಗಿಂದಲೇ ಸ್ಟೆಂಟ್ ಕೂರಿಸಿ ಅದನ್ನು ಮುಚ್ಚಲಾಯಿತು ಎಂದು ಆಸ್ಪತ್ರೆ ಪ್ರಕಟಣೆ ಹೊರಡಿಸಿತು. ಕೆಲವೇ ದಿನಗಳಲ್ಲಿ ಮನೆಗೆ ಮರಳಿದರು. ಹೊಟ್ಟೆಯೊಳಗಿನ ಉಬ್ಬು ಪತ್ತೆಯಾಗಲು ದೊಡ್ಡ ಯಂತ್ರವೂ ಬೇಡ. ಬಸುರಿಯರಿಗೆ ಮಾಡುವ ಅದೇ ಸ್ಕ್ಯಾನಿಂಗ್ ಸಾಕು. ಬೀಡಿ-ಸಿಗರೇಟು ಸೇದಿದ 65ರಿಂದ 75ರ ಗಂಡಸರು ಜೀವನದಲ್ಲಿ ಒಮ್ಮೆ ಈ ಸ್ಕ್ಯಾನಿಂಗ್ ಮಾಡಿಸಿಕೊಳ್ಳಬೇಕೆಂಬ ಸಲಹೆ ಅಮೆರಿಕದಲ್ಲಿ ಜಾರಿಯಲ್ಲಿದೆ. ನಮ್ಮ ಹಳ್ಳಿಗಳ ಹಿರಿಯರಿಗೂ ಅದನ್ನು ಹೇಳಿದರೆ ತಪ್ಪೇನಿಲ್ಲ.

"ಒಡದ ಮ್ಯಾಲ ಏನೈತಿ, ಮುಗೀತು"

ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ಹೆಚ್ಚು ಕೆಡುಕು ಮಾಡುತ್ತದೆ. ಹೊಟ್ಟೆಯ ಉಬ್ಬು ಒಡೆದವರಲ್ಲಿ ಸುಮಾರು ಅರ್ಧದಷ್ಟು ಜನ ಆಸ್ಪತ್ರೆ ಮುಟ್ಟುವ ಮುಂಚೆಯೇ ತೀರಿಕೊಳ್ಳುತ್ತಾರೆ. ಉಳಿದ ಅರ್ಧದವರಿಗೆ ಹೊತ್ತು ಸಿಕ್ಕಿರುತ್ತದೆ. ಬಿರುಕು ಬೆನ್ನಿನ ಕಡೆಗಿದ್ದರೆ ಸುತ್ತಲಿನ ಮಾಂಸ-ಪೊರೆ ರಕ್ತವನ್ನು ಕೆಲಕಾಲ ಹಿಡಿದಿಡುತ್ತದೆ. ಆಲ್ಬರ್ಟ್ ಐನ್‌ಸ್ಟೈನ್ ಸತ್ತದ್ದು ಇದೇ ಕಾಯಿಲೆಯಿಂದ. 1948ರಲ್ಲಿ ರುಡಾಲ್ಫ್ ನಿಸೆನ್ ಎಂಬ ಸರ್ಜನ್ ಅವರ ಹೊಟ್ಟೆ ತೆರೆದಾಗ ಉಬ್ಬು ಕಂಡಿತ್ತು. ಆಗಿನ್ನೂ ನಾಳ ಬದಲಿಸುವ ವಿದ್ಯೆ ಇರಲಿಲ್ಲ, ಸೆಲೊಫೇನ್ ಹಾಳೆ ಸುತ್ತಿ ಹೊಲಿದರು. 1955ರ ಏಪ್ರಿಲ್‌ನಲ್ಲಿ ಅದು ಒಡೆಯಿತು. ಆಪರೇಷನ್ ಬೇಡವೆಂದ ಅವರು ನೋವು ಎದ್ದ ಕೆಲವು ದಿನಗಳ ನಂತರ, 18ರಂದು ತೀರಿಕೊಂಡರು. ಅಂದರೆ ಒಡೆದ ಮೇಲೂ ದಿನಗಳೇ ಸಿಕ್ಕವು. ಎಲ್ಲರಿಗೂ ಅಷ್ಟು ಸಿಗುವುದಿಲ್ಲ, ಆದರೆ ಹಲವರಿಗೆ ಗಂಟೆಗಳು ಸಿಗುತ್ತವೆ.

"ಗ್ಯಾಸ್ ಆಗಿರಬೇಕು, ಮುಂಜಾನೆ ನೋಡೂಣು"

ಮಹಾಪಧಮನಿಗೆ ಇನ್ನೊಂದು ಆಪತ್ತಿದೆ. ಇದು ಎದೆಯ ಭಾಗದಲ್ಲಿ ಹೆಚ್ಚು. ನಾಳದ ಗೋಡೆಗೆ ಮೂರು ಪದರ. ಒಳಪದರ ಹರಿದು ರಕ್ತ ಪದರಗಳ ನಡುವೆ ನುಗ್ಗಿ ಗೋಡೆಯನ್ನೇ ಸೀಳುತ್ತ ಹೋಗುತ್ತದೆ. ಸೀಳು ಹೃದಯದ ಬುಡದ ಭಾಗದಲ್ಲಿದ್ದರೆ, ಚಿಕಿತ್ಸೆಯಿಲ್ಲದ ನೂರು ಜನರಲ್ಲಿ ಗಂಟೆಗೆ ಒಬ್ಬರೋ ಇಬ್ಬರೋ ಸಾಯುತ್ತಾರೆ ಎಂಬುದು ಮೊದಲ ಎರಡು ದಿನಗಳ ಹಳೆಯ ಲೆಕ್ಕ. ಈಚಿನ ದಾಖಲೆಗಳಲ್ಲಿ ಅದು ಸುಮಾರು ಅರ್ಧಕ್ಕೆ ಇಳಿದಿದೆ. ಯಾವ ಲೆಕ್ಕ ಹಿಡಿದರೂ ಅರ್ಥ ಒಂದೇ. ಕ್ಷಣದಲ್ಲಿ ಮುಗಿದುಹೋಗುವ ಕಾಯಿಲೆಯಲ್ಲ ಇದು, ಮುಂಜಾನೆತನಕ ಕಾಯುವಂಥದ್ದೂ ಅಲ್ಲ. ರಾತ್ರಿ ಹತ್ತಕ್ಕೆ ನೋವು ಎದ್ದವರು ಬೆಳಗಿನ ಪ್ಯಾಸೆಂಜರ್ ರೈಲಿಗೆ ಕಾದರೆ ಉಳಿಯುವ ಅವಕಾಶದ ಒಂದು ಪಾಲನ್ನು ಗುಡಗೇರಿ ಸ್ಟೇಷನ್ನಿನಲ್ಲೇ ಕಳೆದುಕೊಂಡಂತೆ.

ಗ್ಯಾಸಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ? ನೋವು ಎಲ್ಲಿದೆ ಎನ್ನುವುದಕ್ಕಿಂತ ಹೇಗೆ ಶುರುವಾಯಿತು ಎಂದು ಕೇಳಿ. ಗ್ಯಾಸಿನ ನೋವು ಮೆಲ್ಲಗೆ ಏರುತ್ತದೆ. ಹೃದಯಾಘಾತದ ನೋವೂ ಹಲವರಲ್ಲಿ ನಿಮಿಷಗಳಲ್ಲಿ ಬಲಿಯುತ್ತದೆ. ಮಹಾಪಧಮನಿ ಸೀಳಿದಾಗ ಮೊದಲ ಕ್ಷಣದ ನೋವೇ ಅತಿ ದೊಡ್ಡದು. ಈ ಕಾಯಿಲೆಗೆಂದೇ 1996ರಲ್ಲಿ ಶುರುವಾದ ಅಂತರರಾಷ್ಟ್ರೀಯ ದಾಖಲೆಯ ಮೊದಲ ವರದಿಯಲ್ಲಿ 464 ರೋಗಿಗಳಿದ್ದರು. ಅವರಲ್ಲಿ ನೂರಕ್ಕೆ 85ರಷ್ಟು ಮಂದಿ ನೋವು ಒಮ್ಮೆಲೇ ಬಂತು ಎಂದಿದ್ದರು. "ಎಮ್ಮಿ ಹಿಂಡಾಕ ಕುಂತಾಗ ಬಂತ್ರಿ" ಎಂದು ಗಳಿಗೆ ಹಿಡಿದು ಹೇಳುವಂಥ ನೋವು. ಎದೆಯಲ್ಲಿ ಎದ್ದು ಎರಡು ಹೆಗಲ ರೆಕ್ಕೆಗಳ ನಡುವೆ ಬೆನ್ನಿಗೆ, ಅಲ್ಲಿಂದ ಹೊಟ್ಟೆಗೆ ಇಳಿಯಬಹುದು.

ಮೋಸ ಮಾಡುವ ಎರಡು ಸಂಗತಿಗಳಿವೆ. ಒಂದು, ಈ ನೋವು ತಾನಾಗಿ ಅಥವಾ ನೋವಿನ ಸೂಜಿಯಿಂದ ಕಡಿಮೆಯಾಗಬಹುದು. ಸೋಡಾ ಕುಡಿದವರು ಸೋಡಾದಿಂದ ಇಳಿಯಿತು ಅಂದುಕೊಳ್ಳುತ್ತಾರೆ, ಸೀಳು ಮಾತ್ರ ಅಲ್ಲೇ ಇರುತ್ತದೆ. ಇನ್ನೊಂದು, ಕೆಲವರಲ್ಲಿ ನೋವೇ ಇರುವುದಿಲ್ಲ. ಮಿದುಳಿಗೆ ಹೋಗುವ ಕವಲು ಕಟ್ಟಿಕೊಂಡು ಒಂದು ಕೈ ಸೋಲುತ್ತದೆ, ಇಲ್ಲವೇ ಕಾಲು ತಣ್ಣಗಾಗಿ ಜೋಲುತ್ತದೆ. ಮನೆಯವರು ಲಕ್ವಾ ಎಂದು ನಾಟಿ ಔಷಧಿಗೆ ಗಾಡಿ ತಿರುಗಿಸುತ್ತಾರೆ.

"ಇಸಿಜಿ ಛಲೋ ಬಂದೈತಿ, ಹೆದರೂದೇನಿಲ್ಲ"

ಇಸಿಜಿ ಹೃದಯದ ವಿದ್ಯುತ್ತನ್ನು ಬರೆಯುತ್ತದೆ, ಮಹಾಪಧಮನಿಯ ಗೋಡೆಯನ್ನು ತೋರಿಸುವುದಿಲ್ಲ. ಮೇಲೆ ಹೇಳಿದ ವರದಿಯಲ್ಲೇ ಮೂರರಲ್ಲಿ ಒಬ್ಬರ ಇಸಿಜಿ ಪೂರ್ತಿ ಸರಿಯಾಗಿತ್ತು. ಎದೆಯ ಎಕ್ಸ್‌ರೇ ಕೂಡ ಕೆಲವರಲ್ಲಿ ಸರಿಯಾಗಿಯೇ ಬರುತ್ತದೆ. ಖಾತ್ರಿಯಾಗುವುದು ಬಣ್ಣದ ದ್ರವ ಕೊಟ್ಟು ಮಾಡುವ ಸಿಟಿ ಸ್ಕ್ಯಾನಿನಲ್ಲಿ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು, ಹೃದಯಾಘಾತ ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಬಹಳ ಒಳ್ಳೆಯ ಕೆಲಸ. ಎದೆನೋವಿನಲ್ಲಿ ಹೃದಯಾಘಾತವೇ ಎಷ್ಟೋ ಪಾಲು ಹೆಚ್ಚು ಎಂಬುದನ್ನೂ ಮರೆಯಬಾರದು. ಆದರೆ ಅದೇ ಇಂಜೆಕ್ಷನ್ ಸೀಳಿದ ಮಹಾಪಧಮನಿಯವರಿಗೆ ಹೋದರೆ ರಕ್ತ ನಿಲ್ಲುವುದಿಲ್ಲ. ಆಸ್ಪಿರಿನ್ ಕೂಡ ಹಾಗೆಯೇ, ಹೃದಯಾಘಾತಕ್ಕೆ ಮಿತ್ರ, ಇದಕ್ಕೆ ಶತ್ರು. ಆದ್ದರಿಂದ ರೋಗಿಯ ಜೊತೆ ಹೋದವರು ಡಾಕ್ಟರ ಮುಂದೆ ಬರೀ "ಎದಿನೋವು" ಎಂದು ನಿಲ್ಲಿಸಬಾರದು. ಒಮ್ಮೆಲೇ ಬಂತು, ಬೆನ್ನಿಗೆ ಇಳಿಯಿತು, ನಡುವೆ ಎಚ್ಚರ ತಪ್ಪಿತ್ತು, ಬಿಪಿ ಗುಳಿಗಿ ಬಿಟ್ಟು ಇಷ್ಟು ದಿನವಾಯಿತು ಎಂದು ಹೇಳಬೇಕು. "ಎರಡೂ ಕೈಯಾಗ ಬಿಪಿ ನೋಡ್ರಿ ಸರ" ಎಂದು ಕೇಳಿದರೆ ಅದು ಅಧಿಕಪ್ರಸಂಗವಲ್ಲ. ಎರಡು ಕೈಗಳ ನಡುವೆ 20ಕ್ಕಿಂತ ಹೆಚ್ಚು ಅಂತರ ಬಂದರೆ ವೈದ್ಯರ ಕಿವಿ ನೆಟ್ಟಗಾಗುತ್ತದೆ.

ಸಲಾಯಿನ್ ಬಗ್ಗೆ ಒಂದೇ ಮಾತು. ಸುಸ್ತಾದವರಿಗೆಲ್ಲ ಬಾಟಲಿ ಹಚ್ಚಿಸುವ ರೂಢಿ ಇಲ್ಲಿ ತಿರುಗುಬಾಣ. ರಕ್ತದೊತ್ತಡ ಏರಿದಷ್ಟೂ ಸೋರಿಕೆ ಹೆಚ್ಚುತ್ತದೆ. ಸೀಳಿದ ನಾಳದವರಿಗೆ ದೊಡ್ಡಾಸ್ಪತ್ರೆಯಲ್ಲಿ ಮೊದಲು ಮಾಡುವುದೇ ನೋವು ತಗ್ಗಿಸಿ, ನಾಡಿಯನ್ನು ನಿಮಿಷಕ್ಕೆ 60ರೊಳಗೆ, ಮೇಲಿನ ಬಿಪಿಯನ್ನು 120ರೊಳಗೆ ತರುವ ಕೆಲಸ.

"ಹುಬ್ಬಳ್ಳಿ ಏನ್ ದೂರ ಐತಿ"

ದೂರವಿಲ್ಲ, ಕುಂದಗೋಳ ದಾಟಿದರೆ ಬಂದೇಬಿಟ್ಟಿತು. ಹೊತ್ತು ಹೋಗುವುದು ರಸ್ತೆಯಲ್ಲಲ್ಲ. ಮೊದಲು ಮನೆಮದ್ದು, ಆಮೇಲೆ ತಿಕ್ಕುವವರು, ಆಮೇಲೆ ಓಣಿಯ ಕ್ಲಿನಿಕ್ಕಿನಲ್ಲಿ ಒಂದು ಸೂಜಿ, ಆಮೇಲೆ ಮಗ ಹೊಲದಿಂದ ಬರಲಿ ಎಂದು ಕಾಯುವುದು. ಇಷ್ಟೆಲ್ಲ ಆದಮೇಲೆ ಹುಬ್ಬಳ್ಳಿಯಲ್ಲೂ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದಾಟ. ಸಿಟಿ ಸ್ಕ್ಯಾನ್ ಇದ್ದಲ್ಲೆಲ್ಲ ಮಹಾಪಧಮನಿ ಆಪರೇಷನ್ ಮಾಡುವ ತಂಡ ಇರುವುದಿಲ್ಲ. 2008ರ ನವೆಂಬರ್‌ನಿಂದ ರಾಜ್ಯದಲ್ಲಿ ಓಡುತ್ತಿರುವ 108ಕ್ಕೆ ನೋವು ಎದ್ದ ಕೂಡಲೇ ಫೋನ್ ಮಾಡಿ. ರೋಗಿಯನ್ನು ನಡೆಸಬೇಡಿ, ಬೈಕಿನ ನಡುವೆ ಕೂರಿಸಿಕೊಂಡು ಹೋಗಬೇಡಿ. ಜನ ಇಂದಿಗೂ ಕಿಮ್ಸ್ ಎನ್ನುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗಾಗಲಿ, ಬೇರೆಡೆಗಾಗಲಿ ಹೊರಟಾಗ ದಾರಿಯಲ್ಲೇ ಫೋನ್ ಹಚ್ಚಿ, ಸಿಟಿ ಈಗ ಆಗುತ್ತದೆಯೇ, ಎದೆ-ರಕ್ತನಾಳದ ಸರ್ಜನ್ ಇದ್ದಾರೆಯೇ ಎಂದು ಒಬ್ಬರು ಕೇಳುತ್ತಿರಲಿ. ಇಲ್ಲವೆಂದರೆ ಎಲ್ಲಿಗೆ ಕಳಿಸುತ್ತೀರಿ ಎಂದು ಆಗಲೇ ಕೇಳಿಟ್ಟುಕೊಳ್ಳಿ. ಬಿಪಿಎಲ್ ಕಾರ್ಡೂ ಜೊತೆಗಿರಲಿ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಆ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ.

"ಬಿಪಿ ಗುಳಿಗಿ ಒಮ್ಮೆ ಹಿಡದ್ರ ಬಿಡೂದಿಲ್ಲ"

ಹೌದು, ಬಿಡಬಾರದು. ಸೀಳುವ ನಾಳದ ಹಿಂದೆ ಸುಮಾರು ಮುಕ್ಕಾಲು ಪಾಲು ಇರುವುದು ಬಿಪಿ ಕಾಯಿಲೆ. ತಲೆ ತಿರುಗುವುದಿಲ್ಲ, ಆರಾಮಿದ್ದೀನಿ, ಹಾಗಾಗಿ ಬಿಪಿ ಇಲ್ಲ ಎನ್ನುವವರು ಒಮ್ಮೆ ಪಟ್ಟಿ ಕಟ್ಟಿಸಿ ನೋಡಲಿ. ಸರ್ಕಾರಿ ದವಾಖಾನೆಯಲ್ಲಿ ತಪಾಸಣೆ, ಗುಳಿಗಿ ಎರಡೂ ಪುಕ್ಕಟೆ. ಇನ್ನು ತೀರಾ ಎತ್ತರದ ಸಣಕಲು ಮೈ, ಉದ್ದುದ್ದ ಬೆರಳಿನ ಹುಡುಗರಿರುವ ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರೆ ಆ ಹುಡುಗರಿಗೆ ಎಕೋ ಮಾಡಿಸಬೇಕು. ಮಾರ್ಫಾನ್ ಎಂಬ ವಂಶವಾಹಿ ತೊಂದರೆಯಲ್ಲಿ ಮಹಾಪಧಮನಿ ಪ್ರಾಯದಲ್ಲೇ ಹರಿಯಬಹುದು.

"ಈ ವಯಸ್ಸಿಗೆ ಆಪರೇಷನ್ ಯಾಕ"

ಸೀಳಿದ ನಾಳಕ್ಕೆ ಆಪರೇಷನ್ ಮಾಡುವ ದಾರಿ ತೋರಿಸಿದವರಲ್ಲಿ ಅಮೆರಿಕದ ಮೈಕೆಲ್ ಡಿಬೇಕಿ ಮೊದಲಿಗರು. 2005ರ ಡಿಸೆಂಬರ್ 31ರಂದು, 97ನೇ ವಯಸ್ಸಿನಲ್ಲಿ, ಅದೇ ಕಾಯಿಲೆ ಅವರಿಗೇ ಬಂತು. ಅವರೂ ಮೊದಲು ಹೃದಯಾಘಾತ ಎಂದುಕೊಂಡರು, ಆಸ್ಪತ್ರೆ ಬೇಡವೆಂದು ಹಟ ಹಿಡಿದರು. ಮುಂದಿನ ಫೆಬ್ರುವರಿಯಲ್ಲಿ ಆಪರೇಷನ್ ಆಯಿತು, 2008ರ ಜುಲೈವರೆಗೆ ಬದುಕಿದರು. ಎಲ್ಲ ಸೀಳಿಗೂ ಕತ್ತರಿ ಬೇಕಿಲ್ಲ. ಎದೆಯ ಹಿಂಭಾಗದಲ್ಲಿ ಕೆಳಗಿಳಿಯುವ ನಾಳ ಸೀಳಿದ್ದರೆ ಬಹಳಷ್ಟು ಜನರಿಗೆ ಔಷಧಿ, ಕೆಲವರಿಗೆ ಸ್ಟೆಂಟ್ ಸಾಕಾಗುತ್ತದೆ.

ಉಳಿದುಬಂದವರು ಹೊಲಕ್ಕೆ ಹೋಗಬಹುದೇ ಎಂದರೆ, ಡಾಕ್ಟರು ಒಪ್ಪಿದ ಮೇಲೆ ಹೋಗಬಹುದು. ನಡೆಯಬಹುದು, ನೀರು ಹಾಯಿಸಬಹುದು, ಮೆಣಸಿನಕಾಯಿ ಬಿಡಿಸಬಹುದು. ಉಸಿರು ಬಿಗಿಹಿಡಿದು ಶೇಂಗಾ ಚೀಲ ಎತ್ತುವ ಕೆಲಸ ಮಾತ್ರ ಮನೆಯ ಬೇರೆಯವರದು. ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಒಮ್ಮೆ ತಮ್ಮ ಬಿಪಿಯನ್ನೂ ಮಹಾಪಧಮನಿಯನ್ನೂ ಪರೀಕ್ಷೆ ಮಾಡಿಸಿಕೊಳ್ಳಬೇಕು.